ಕಾವೇರಿ ನೀರು ಬಿಟ್ಟ ದಿನ ಸಂಪ್‌ನಲ್ಲಿ ಮೋರಿ ವಾಸನೆ: ಸಂಪ್ ತೊಳೆಸೋದಾ, ಪೈಪ್ ಅಗೆಸೋದಾ?

ಸಂಪ್‌ಮುಚ್ಚಳ ಕೇಳಿದ್ದು:

ಬೆಂಗಳೂರಿನ ಹಳೇ ಬಡಾವಣೆ, 30×40 ಸೈಟು, ಕೆಳಗೊಂದು ಮೇಲೆರಡು ಮನೆ. ಪೋರ್ಟಿಕೋ ಕೆಳಗೆ ಸಂಪ್ ಇದೆ, 8 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಆಳ. ಮೇಲೆ 2000 ಲೀಟರ್ ಸಿಂಟೆಕ್ಸ್. ಕಾವೇರಿ ನೀರು ದಿನ ಬಿಟ್ಟು ದಿನ, ಬೆಳಗಿನ ಜಾವ 4ರಿಂದ 7ರವರೆಗೆ ಬರುತ್ತೆ. ಹತ್ತು ದಿನದಿಂದ ನೀರು ಬಿಟ್ಟ ದಿನ ಸಂಪ್ ಮುಚ್ಚಳ ತೆಗೆದರೆ ಮೋರಿ ವಾಸನೆ. ಬಣ್ಣದಲ್ಲಿ ಅಂಥ ವ್ಯತ್ಯಾಸ ಇಲ್ಲ, ತಳದಲ್ಲಿ ಕಪ್ಪು ಚೂರು ಕೂತಿದೆ. ಟಿಡಿಎಸ್ ಮೀಟರ್ ಅದ್ದಿದರೆ ಮೊದಲಿನಷ್ಟೇ ತೋರಿಸ್ತಿದೆ.

ಸಂಪ್‌ನಿಂದ ಎರಡೂವರೆ ಅಡಿ ದೂರದಲ್ಲೇ ನಮ್ಮ ಡ್ರೈನೇಜ್ ಚೇಂಬರ್ ಇದೆ. ಹೋದ ವಾರದ ಮಳೆಗೆ ರಸ್ತೆಯ ಮ್ಯಾನ್‌ಹೋಲ್ ಕೂಡ ಉಕ್ಕಿತ್ತು. ಪಟಿಕ ಹಾಕಿ ಸಾಕು ಅಂತಾರೆ ಒಬ್ಬರು, ಸಂಪ್ ತೊಳೆಸಿ ಬ್ಲೀಚಿಂಗ್ ಪೌಡರ್ ಹಾಕಿ ಅಂತಾರೆ ಇನ್ನೊಬ್ಬರು. ಪೌಡರ್ ಹಾಕೋದಾದರೆ ಎಷ್ಟು? ಮೊದಲು ಏನು ಮಾಡಬೇಕು?

---

ಅರ್ಧಇಂಚುಪೈಪ್:

ಈಗಲೇ ತೊಳೆಸಬೇಡಿ. ಹೊಲಸು ಎಲ್ಲಿಂದ ಒಳಗೆ ಬರ್ತಿದೆ ಅಂತ ಗೊತ್ತಾಗದೆ ತೊಳೆಸಿದರೆ ನಾಡಿದ್ದು ನೀರು ಬಿಟ್ಟಾಗ ಮತ್ತೆ ಅದೇ ಕಥೆ. ತೊಳೆಸಿದ ದುಡ್ಡೂ ಹೋಯ್ತು, ಗುರುತು ಹಿಡಿಯೋ ಸಾಕ್ಷಿನೂ ಹೋಯ್ತು. ಅಲ್ಲಿವರೆಗೆ ಕುಡಿಯೋಕೆ, ಅಡುಗೆಗೆ, ಹಲ್ಲುಜ್ಜೋಕೆ ಈ ನೀರು ಬೇಡ. ಕ್ಯಾನ್ ತರಿಸಿ. ಆಗದಿದ್ದರೆ ವಾಸನೆ ಇಲ್ಲದ ದಿನದ ನೀರನ್ನ ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಬಳಸಿ.

ಟಿಡಿಎಸ್ ಮೀಟರನ್ನ ಈ ವಿಷಯಕ್ಕೆ ಮರೆತುಬಿಡಿ. ಅದು ಅಳೆಯೋದು ಕರಗಿರೋ ಲವಣ. ಮಲದ ರೋಗಾಣು ಕೋಟಿಗಟ್ಟಲೆ ಇದ್ದರೂ ಮುಳ್ಳು ಅಲ್ಲಾಡಲ್ಲ. ಪಟಿಕ ಕೂಡ ಕೆಸರನ್ನ ತಳಕ್ಕೆ ಕೂರಿಸುತ್ತೆ ಅಷ್ಟೇ, ಕ್ರಿಮಿ ಕೊಲ್ಲಲ್ಲ. ನೀರು ತಿಳಿಯಾಗಿ ಕಂಡಿದ್ದಕ್ಕೆ ಜನ ಧೈರ್ಯವಾಗಿ ಕುಡೀತಾರೆ, ಅದೇ ಅಪಾಯ.

ಹೊಲಸು ಬರೋಕೆ ನಿಮ್ಮಲ್ಲಿ ಮೂರು ದಾರಿ ಇದೆ. ರಸ್ತೆಯ ಕಾವೇರಿ ಪೈಪು, ಅಲ್ಲಿಂದ ನಿಮ್ಮ ಮನೆಗೆ ಬರೋ ಅರ್ಧ ಇಂಚು ಪೈಪು, ಇಲ್ಲ ಸಂಪ್ ಗೋಡೆ. ಯಾವುದು ಅಂತ ಬಾಟಲಿಯಲ್ಲೇ ಕಂಡುಹಿಡೀಬಹುದು.

ನಾಲ್ಕು ಗಾಜಿನ ಬಾಟಲಿ ತೊಳೆದು ಒಣಗಿಸಿಟ್ಕೊಳ್ಳಿ. ನೀರು ಬರೋ ಹೊತ್ತಿಗೆ ಎದ್ದು, ಸಂಪ್ ಒಳಗೆ ಬೀಳೋ ಪೈಪಿನ ಬಾಯಿಂದಲೇ ಹಿಡೀರಿ. ಮೊದಲ ಧಾರೆ ಒಂದು, 5 ನಿಮಿಷಕ್ಕೊಂದು, 15 ನಿಮಿಷಕ್ಕೊಂದು, 30 ನಿಮಿಷಕ್ಕೊಂದು. ಮುಚ್ಚಿ, ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆದು ಮೂಸಿ. ಜೊತೆಗೆ ಬಕೆಟ್ ಇಟ್ಟು, ನಿಮಿಷಕ್ಕೆ ಎಷ್ಟು ಲೀಟರ್ ಬೀಳುತ್ತೆ ಅಂತಲೂ ನೋಡ್ಕೊಳ್ಳಿ.

ಇದರ ಲೆಕ್ಕ ಹೀಗೆ: ಅರ್ಧ ಇಂಚು ಪೈಪಿನಲ್ಲಿ ಒಂದು ಮೀಟರ್‌ಗೆ ಹಿಡಿಯೋದು ಬರೀ 200 ಮಿಲಿ ನೀರು. ರಸ್ತೆಯಿಂದ ನಿಮ್ಮ ಸಂಪ್‌ಗೆ 12 ಮೀಟರ್ ಇದ್ದರೂ ಒಟ್ಟು ಎರಡೂವರೆ ಲೀಟರ್ ದಾಟಲ್ಲ. ತೂತು ನಿಮ್ಮ ಪೈಪಲ್ಲೇ ಇದ್ದರೆ ಹೊಲಸು ಮೊದಲ ಒಂದೆರಡು ನಿಮಿಷಕ್ಕೆ ಮುಗಿದುಹೋಗಬೇಕು. ಅದೇ ನಾಲ್ಕು ಇಂಚಿನ ರಸ್ತೆ ಪೈಪು ಒಂದು ಮೀಟರ್‌ಗೆ ಸುಮಾರು 8 ಲೀಟರ್ ಹಿಡಿಯುತ್ತೆ. ಹತ್ತು-ಹದಿನೈದು ನಿಮಿಷ ಗಬ್ಬು ಬಂತು ಅಂದರೆ ಅದು ನಿಮ್ಮ ಪೈಪಲ್ಲಿ ಹಿಡಿಸೋ ನೀರೇ ಅಲ್ಲ. ಇನ್ನು ನಾಲ್ಕೂ ಬಾಟಲಿ ಚೆನ್ನಾಗಿದ್ದು ಸಂಪ್ ಮಾತ್ರ ನಾರಿದರೆ ಗೋಡೆ ನೋಡಿ.

---

ತೇವದಗೋಡೆ:

ಗೋಡೆ ಪರೀಕ್ಷೆ ನಾನು ಹೇಳ್ತೀನಿ. ನೀರು ಬರದ ದಿನ ಸಂಪ್ ಅರ್ಧಕ್ಕಿಂತ ಕಮ್ಮಿ ಇರೋ ಹಾಗೆ ನೋಡ್ಕೊಳ್ಳಿ, ಮೋಟರ್ ಆಫ್, ಒಳಬರೋ ವಾಲ್ವ್ ಬಂದ್. ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಹಾಕಿ 12 ಗಂಟೆ ಬಿಡಿ. ಅರ್ಧಕ್ಕಿಂತ ಕಮ್ಮಿ ಯಾಕಂದ್ರೆ, ತುಂಬಿದ ಸಂಪ್‌ನಿಂದ ನೀರು ಬಿರುಕಿನಲ್ಲಿ ಹೊರಗೆ ಹೋಗುತ್ತೆ. ಮಟ್ಟ ಇಳಿದಾಗ ಮಾತ್ರ ಹೊರಗಿನದು ಒಳಗೆ ಬರುತ್ತೆ. ತುಂಬಿಟ್ಟು ಪರೀಕ್ಷೆ ಮಾಡಿ ಎಲ್ಲ ಸರಿ ಇದೆ ಅನ್ನೋರೇ ಜಾಸ್ತಿ.

ಎರಡನೇದು ಉಪ್ಪಿನ ಪರೀಕ್ಷೆ. ಟಿಡಿಎಸ್ ಮೀಟರ್ ಕೆಲಸಕ್ಕೆ ಬರೋದು ಇಲ್ಲಿ. ಸಂಪ್‌ನಲ್ಲಿ ಒಂದಡಿ ನೀರು ಬಿಡಿ. ನಿಮ್ಮ ಅಳತೆಗೆ ಅದು ಸುಮಾರು 1360 ಲೀಟರ್. ಟಿಡಿಎಸ್ ಬರೆದಿಟ್ಕೊಳ್ಳಿ. ಚೇಂಬರ್‌ನಿಂದ ರಸ್ತೆಗೆ ಹೋಗೋ ಪೈಪಿನ ಬಾಯಿಗೆ ಗೋಣಿ ತುರುಕಿ, ಎರಡು ಕೆಜಿ ಕಲ್ಲುಪ್ಪು ಕರಗಿಸಿದ ನೀರು ಸುರಿದು, ಆದಷ್ಟು ಹೊತ್ತು ಮನೆಯವರು ನೀರು ಬಿಡದೆ ಇರಬೇಕು. ರಾತ್ರಿ ಹತ್ತರ ಮೇಲೆ ಮಾಡೋದು ವಾಸಿ. ಎರಡು ಕೆಜಿಯಲ್ಲಿ 30 ಗ್ರಾಂ ಒಳಗೆ ಬಂದರೂ ಮೀಟರ್ 20ರಷ್ಟು ಏರುತ್ತೆ. ಬೆಳಿಗ್ಗೆ ಗೋಣಿ ತೆಗೆಯೋದು ಮರೀಬೇಡಿ, ಮರೆತರೆ ಬಚ್ಚಲಲ್ಲಿ ಗೊತ್ತಾಗುತ್ತೆ.

---

ಅರ್ಧಇಂಚುಪೈಪ್:

@ತೇವದಗೋಡೆ, ಉಪ್ಪಿನದು ಒಳ್ಳೇದೇ, ಆದರೆ ಒಂದೇ ರಾತ್ರಿಗೆ ತೀರ್ಮಾನ ಮಾಡಬಾರದು. ಚೇಂಬರ್‌ಗೂ ಸಂಪ್‌ಗೂ ನಡುವೆ ಜೇಡಿಮಣ್ಣಿದ್ದರೆ ಎರಡೂವರೆ ಅಡಿ ದಾಟೋಕೆ ದಿನಗಟ್ಟಲೆ ಹಿಡೀಬಹುದು. ಟಿಡಿಎಸ್ ಏರಿದರೆ ಗೋಡೆ ಸೋರ್ತಿದೆ ಅಂತ ಖಾತ್ರಿ. ಏರದಿದ್ದರೆ 24 ಗಂಟೆ ಬಿಟ್ಟು ಮತ್ತೆ ನೋಡಿ.

---

ಸಂಪ್‌ಮುಚ್ಚಳ:

ಮೂರೂ ಮಾಡಿದೆ. ಸೀಮೆಸುಣ್ಣದ ಗೆರೆ ಅಲ್ಲಾಡಿಲ್ಲ. ಉಪ್ಪು ಹಾಕಿ ಒಂದು ದಿನ ಬಿಟ್ಟರೂ ಟಿಡಿಎಸ್ ಅಷ್ಟೇ. ಬಾಟಲಿ: ಮೊದಲನೇದು ಗಬ್ಬು, ಕಪ್ಪು ಚೂರು. 5 ನಿಮಿಷದ್ದು ವಾಸನೆ ಹಾಗೇ ಇದೆ. 15ರದ್ದು ಸ್ವಲ್ಪ. 30ರದ್ದು ಚೆನ್ನಾಗಿದೆ, ಕ್ಲೋರಿನ್ ಘಾಟು ಕೂಡ ಇದೆ. ನೀರು ನಿಮಿಷಕ್ಕೆ 9 ಲೀಟರ್ ಬೀಳ್ತಿದೆ.

ಅಕ್ಕಪಕ್ಕ ವಿಚಾರಿಸಿದೆ. ನೀರು ಬಿಡೋ ವಾಲ್ವ್ ಮೂಲೆ ಮನೆ ಹತ್ತಿರ ಇದೆ. ಮೂಲೆ ಮನೆಗೆ ತೊಂದರೆ ಇಲ್ಲ. ಅದಕ್ಕೂ ನಮ್ಮನೆಗೂ ನಡುವಿನ ಸೈಟಿನಲ್ಲಿ ಹಳೇ ಮನೆ ಕೆಡವಿದ್ದಾರೆ, ಈಗ ಪಾಯ ತೆಗೀತಿದ್ದಾರೆ. ನಮ್ಮಿಂದ ಪಾರ್ಕ್ ಕಡೆಗಿರೋ ಎರಡೂ ಮನೆಗೆ ವಾಸನೆ ಇದೆ. ಉಕ್ಕಿದ ಮ್ಯಾನ್‌ಹೋಲ್ ಕೆಡವಿದ ಸೈಟಿನ ಎದುರಿಗೇ ಇದೆ.

---

ಅರ್ಧಇಂಚುಪೈಪ್:

ಹದಿನೈದು ನಿಮಿಷಕ್ಕೆ 135 ಲೀಟರ್. ಹೊಲಸು ನಿಮ್ಮ ಪೈಪಿನದಲ್ಲ. ನೀರು ಮೂಲೆ ಮನೆಯಿಂದ ಪಾರ್ಕ್ ಕಡೆ ಹರೀತಿದೆ, ಮೂಲೆಯವರಿಗೆ ಚೆನ್ನಾಗಿದೆ, ನಿಮ್ಮಿಂದ ಮುಂದಕ್ಕೆ ಕೆಟ್ಟಿದೆ. ತೂತು ನಿಮಗೂ ಮೂಲೆ ಮನೆಗೂ ನಡುವೆ ಎಲ್ಲೋ ಇದೆ. ನನ್ನ ಅನುಮಾನ ಆ ಕೆಡವಿದ ಮನೆಯ ಹಳೇ ಕನೆಕ್ಷನ್ ಮೇಲೆ.

ಮನೆ ಕೆಡವುವಾಗ ಮೀಟರ್ ಬಿಚ್ಚಿ ಪೈಪನ್ನ ನೆಲದ ಮಟ್ಟಕ್ಕೆ ಕತ್ತರಿಸಿ, ಬಾಯಿಗೆ ಪ್ಲಾಸ್ಟಿಕ್ ಕವರ್ ಸುತ್ತಿಯೋ ಮರದ ಬೆಣೆ ಹೊಡೆದೋ ಮಣ್ಣು ಮುಚ್ಚೋದು ಮಾಮೂಲು. ಸರಿಯಾಗಿ ಮಾಡಬೇಕಾದ್ದು ಫೆರೂಲ್‌ನಲ್ಲಿ, ಅಂದರೆ ರಸ್ತೆ ಪೈಪಿಗೆ ತೂತು ಹಾಕಿ ಮನೆ ಪೈಪು ಸಿಕ್ಕಿಸಿರೋ ಜಾಗದಲ್ಲೇ ಮುಚ್ಚಬೇಕು. ಹಾಗೆ ಮಾಡದಿದ್ದರೆ ಆ ಜಿಐ (ಸತು ಬಳಿದ ಕಬ್ಬಿಣ) ಪೈಪಿನ ತುಂಡು ಮಣ್ಣಲ್ಲಿ ಹಾಗೇ ಉಳಿಯುತ್ತೆ. ಮೋರಿ ಪಕ್ಕ ಅಥವಾ ಕೆಳಗೆ ಹಾಯ್ದು ಹೋಗೋ ಕಡೆ ಜಿಐ ಮೊದಲು ತೂತಾಗೋದು. ಮೇಲಿನಿಂದ ಗಟ್ಟಿಯಾಗಿ ಕಾಣುತ್ತೆ, ಕೆಳಹೊಟ್ಟೆ ತುಕ್ಕು ಹಿಡಿದು ಉಗುರಲ್ಲಿ ಕೆರೆದರೆ ಹಪ್ಪಳದ ಹಾಗೆ ಉದುರುತ್ತೆ.

ನೀರು ಇರೋವಾಗ ಒತ್ತಡ ಒಳಗಿನಿಂದ ಹೊರಕ್ಕೆ, ಹಾಗಾಗಿ ಆ ತೂತಿನಿಂದ ಒಳ್ಳೇ ನೀರು ಹೊರಗೆ ಸೋರುತ್ತೆ. 7 ಗಂಟೆಗೆ ವಾಲ್ವ್ ಮುಚ್ಚಿದ ಮೇಲೆ ತಗ್ಗಿನ ಮನೆಗಳು ಪೈಪಲ್ಲಿ ಉಳಿದ ನೀರನ್ನ ಎಳ್ಕೊಂಡಾಗ ಪೈಪು ಖಾಲಿಯಾಗಿ ಹೀರೋಕೆ ಶುರು ಮಾಡುತ್ತೆ. ಸುತ್ತಲಿನ ಮಣ್ಣಲ್ಲಿ ಮ್ಯಾನ್‌ಹೋಲ್ ನೀರು ನಿಂತಿದ್ದರೆ ಅದೇ ಒಳಗೆ. ಎರಡು ದಿನ ಅಲ್ಲೇ ಕೊಳೆತು, ಮುಂದಿನ ಸಲ ವಾಲ್ವ್ ತೆಗೆದ ಕೂಡಲೇ ನಿಮ್ಮ ಸಂಪ್‌ಗೆ. ರಸ್ತೆಯಲ್ಲಿ ಯಾರಾದರೂ ಕಾವೇರಿ ಲೈನಿಗೇ ನೇರ ಮೋಟರ್ ಹಾಕಿ ಎಳೀತಿದ್ದರೆ ಹೀರಾಟ ಇನ್ನೂ ಜೋರು. ಅದು ಕಾನೂನುಬಾಹಿರ ಅನ್ನೋದು ಹಾಗಿರಲಿ, ಮೋಟರ್ ಹಾಕಿದವರ ಸಂಪ್‌ಗೇ ಮೊದಲು ಹೊಲಸು ಹೋಗೋದು ಅಂತ ಅವರಿಗೆ ಹೇಳಿ ನೋಡಿ. ಕೇಬಲ್‌ಗೆ ಅಂತ ಅಡ್ಡಡ್ಡ ಡ್ರಿಲ್ ಹೊಡೆದು ಪೈಪು ಸೀಳೋದೂ ಉಂಟು, ಇತ್ತೀಚೆಗೆ ಅಂಥ ಕೆಲಸ ನಡೆದಿತ್ತಾ ಕೇಳಿ.

ಜಲಮಂಡಳಿಯ ಸಹಾಯವಾಣಿ 1916ಕ್ಕೆ ದೂರು ಕೊಡಿ. ಬಿಲ್ಲಿನ ಆರ್‌ಆರ್ ಸಂಖ್ಯೆ ಕೈಲಿಟ್ಕೊಳ್ಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ. "ನೀರು ಸರಿ ಇಲ್ಲ" ಅನ್ನಬೇಡಿ, "ಕುಡಿಯೋ ನೀರಿಗೆ ಒಳಚರಂಡಿ ನೀರು ಸೇರ್ತಿದೆ" ಅಂತಲೇ ಹೇಳಿ. ವಾಸನೆ ಇರೋ ಮೂರೂ ಮನೆಯವರು ಬೇರೆ ಬೇರೆ ದೂರು ಕೊಟ್ಟು, ಮೂಲೆ ಮನೆಗೆ ಇಲ್ಲ ಅನ್ನೋದನ್ನೂ, ಕೆಡವಿದ ಸೈಟಿನ ಹಳೇ ಕನೆಕ್ಷನ್ನನ್ನೂ, ಉಕ್ಕೋ ಮ್ಯಾನ್‌ಹೋಲನ್ನೂ ತಿಳಿಸಿ. ಎಲ್ಲಿ ಅಗೀಬೇಕು ಅಂತ ತಿಳಿದರೆ ಒಂದು ಗುಂಡಿಯಲ್ಲಿ ಕೆಲಸ ಮುಗೀಬಹುದು, ಇಲ್ಲದಿದ್ದರೆ ಇಡೀ ರಸ್ತೆ ತೋಡ್ತಾರೆ. ಮ್ಯಾನ್‌ಹೋಲ್ ಕಟ್ಟಿರೋದನ್ನ ತೆಗೆಸೋದೂ ಅದೇ ದೂರಲ್ಲಿ ಸೇರಲಿ. ತೂತು ಮುಚ್ಚಿ ಮಣ್ಣಲ್ಲಿ ಮಲ ನಿಲ್ಲಿಸಿದರೆ ಮುಂದಿನ ತೂತಿಗೆ ಕಾಯ್ತಾ ಕೂರಬೇಕು.

---

ಸ್ಪ್ಯಾನರ್ 14:

ರಿಪೇರಿ ಆಗೋವರೆಗೆ ಒಂದು ಉಪಾಯ. ಸಂಪ್‌ಗೆ ಇಳಿಯೋ ಮುಂಚೆ, ಮೀಟರ್ ಆದಮೇಲೆ, ಒಂದು ಅರ್ಧ ಇಂಚು ಟೀ (ಮೂರು ಬಾಯಿಯ ಪೈಪ್ ಜೋಡಣೆ), ಎರಡು ಬಾಲ್ ವಾಲ್ವ್ ಹಾಕಿಸಿ. ಒಂದು ಸಂಪ್ ಕಡೆ, ಇನ್ನೊಂದು ಹೊರಗೆ ಚೆಲ್ಲೋಕೆ. ಹೊರಗಿನ ಪೈಪಿನ ಬಾಯಿ ಮೋರಿಗೆ ತಾಕಬಾರದು, ಅಂಗೈ ಅಗಲದ ಗಾಳಿ ಅಂತರ ಇರಲಿ, ಇಲ್ಲದಿದ್ದರೆ ನೀವೇ ನಾಲ್ಕನೇ ದಾರಿ ಮಾಡಿಕೊಟ್ಟ ಹಾಗೆ. ನೀರು ಬಂದಾಗ ಮೊದಲ ಅರ್ಧ ಗಂಟೆ ಹೊರಗೆ. 270 ಲೀಟರ್ ದಂಡ ಅಂತ ಹೊಟ್ಟೆ ಉರಿಯುತ್ತೆ, ಬೇಕಾದರೆ ಡ್ರಮ್ಮಿಗೆ ಹಿಡಿದು ಕಕ್ಕಸಿಗೆ ಬಳಸಿ. ಬೆಳಗಿನ ನಾಲ್ಕಕ್ಕೆ ಏಳೋದು ಯಾರು ಅನ್ನೋದು ಮೂರು ಮನೆಯವರು ಮಾತಾಡ್ಕೊಳ್ಳಬೇಕು.

ಹಾಗೇ ನೋಡಿ, ಸಂಪ್ ಒಳಗಿನ ಪೈಪಿನ ಬಾಯಿ ತುಂಬಿದ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಕೆಲವರು ಸದ್ದಾಗುತ್ತೆ ಅಂತ ತಳದವರೆಗೆ ಪೈಪ್ ಇಳಿಸಿರ್ತಾರೆ. ಲೈನು ಹೀರಿದಾಗ ಅವರ ಸಂಪ್ ನೀರೇ ರಸ್ತೆಗೆ ವಾಪಸ್ ಹೋಗುತ್ತೆ.

---

ಸುಣ್ಣದಬಕೆಟ್:

ತೊಳೆಯೋ ಲೆಕ್ಕ ಕೇಳಿದ್ದಿರಿ. ರಿಪೇರಿ ಆಗಿ, ಎರಡು ಸರದಿ ನೀರಿನ ಮೊದಲ ಬಾಟಲಿಯೂ ಚೆನ್ನಾಗಿ ಬಂದ ಮೇಲೆ ಇದನ್ನ ಮಾಡಿ.

ಮೋಟರ್ ಪ್ಲಗ್ ಕಿತ್ತು ಇಡಿ. ಸ್ವಿಚ್ ಆಫ್ ಮಾಡಿದ್ದು ಸಾಲದು. ಎರಡು ಮುಚ್ಚಳ ಇದ್ದರೆ ಎರಡೂ ತೆಗೆದು ಒಂದೆರಡು ಗಂಟೆ ಗಾಳಿ ಆಡಲಿ, ಫ್ಯಾನ್ ಇಟ್ಟರೆ ಇನ್ನೂ ಒಳ್ಳೇದು. ಒಳಗೆ ಒಬ್ಬರು ಇಳಿದರೆ ಮೇಲೆ ಒಬ್ಬರು ಇರಲೇಬೇಕು. ಇಳಿದವರ ಸೊಂಟಕ್ಕೆ ಹಗ್ಗ ಕಟ್ಟಿರಬೇಕು. ಒಳಗಿರೋರಿಗೆ ತಲೆ ಸುತ್ತಿದರೆ ಹಗ್ಗದಿಂದ ಎಳೀಬೇಕು, ಕಾಪಾಡೋಕೆ ಅಂತ ಇನ್ನೊಬ್ಬರು ಇಳಿಯಬಾರದು. ಕೊಳೆತ ಕೆಸರಿನ ಸಂಪ್‌ನಲ್ಲಿ ಎರಡನೇ ಸಾವು ಆಗೋದೇ ಹಾಗೆ.

ಕೆಸರು ತೆಗೆದು, ಗೋಡೆ, ಮೂಲೆ, ಮುಚ್ಚಳದ ಕೆಳಭಾಗ ಬ್ರಷ್‌ನಲ್ಲಿ ಉಜ್ಜಿ ಹೊರಹಾಕಿ. ಒಂದಡಿ ನೀರು ತುಂಬಿ. ಹೊಸ ಪ್ಯಾಕೆಟ್ಟಿನ ಬ್ಲೀಚಿಂಗ್ ಪೌಡರ್‌ನಲ್ಲಿ ಕಾಲು ಭಾಗ ಕ್ಲೋರಿನ್ ಅಂತ ಇಟ್ಕೊಂಡರೆ 1000 ಲೀಟರ್‌ಗೆ 200 ಗ್ರಾಂ, ನಿಮ್ಮ 1360 ಲೀಟರ್‌ಗೆ 270 ಗ್ರಾಂ. ಗಂಟು ಕಟ್ಟಿದ, ಬಾಯಿ ಬಿಚ್ಚಿಟ್ಟ ಪೌಡರ್ ಬರೀ ಸುಣ್ಣ, ತರಬೇಡಿ. ಪ್ಲಾಸ್ಟಿಕ್ ಬಕೆಟ್ಟಲ್ಲಿ ಮೊದಲು ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ನೀರು ತುಂಬಿಸಿ 20 ನಿಮಿಷ ಬಿಡಿ. ಮೇಲಿನ ತಿಳಿ ಮಾತ್ರ ಸುರೀರಿ. ತಳದ ಸುಣ್ಣ ಹಾಕಿದರೆ ಮೋಟರ್ ನೀರೆಳೆಯೋ ಪೈಪಿನ ತುದಿಯಲ್ಲಿರೋ ಫುಟ್‌ವಾಲ್ವ್ ಕಚ್ಚುತ್ತೆ. ಇದನ್ನೆಲ್ಲ ಹೊರಗೆ ನಿಂತೇ ಮಾಡಬೇಕು, ಪೌಡರ್ ಬಿದ್ದ ಸಂಪ್ ಒಳಗೆ ಯಾರೂ ಇಳಿಯಬಾರದು. ಕಕ್ಕಸು ತೊಳೆಯೋ ಆಸಿಡ್ ಹತ್ತಿರವೂ ಬರಬಾರದು, ಎರಡು ಸೇರಿದರೆ ವಿಷದ ಗಾಳಿ.

ಆ ನೀರನ್ನೇ ಸಿಂಟೆಕ್ಸ್‌ಗೆ ಹತ್ತಿಸಿ ಪ್ರತಿ ನಲ್ಲಿಯನ್ನೂ ಘಾಟು ಬರೋವರೆಗೆ ತೆರೆದು ಮುಚ್ಚಿ. ಸಿಂಟೆಕ್ಸ್ ತಳದ ಕೆಸರು ಮೊದಲೇ ತೆಗೆದಿರಿ. ಅದಕ್ಕೂ ಮುಂಚೆ ಫಿಲ್ಟರ್‌ಗೆ ಹೋಗೋ ನಲ್ಲಿ ಬಂದ್ ಮಾಡಿ, ಇಷ್ಟು ಕ್ಲೋರಿನ್‌ಗೆ ಆರ್‌ಒ ಪೊರೆ ಹಾಳಾಗುತ್ತೆ. 24 ಗಂಟೆ ಬಿಟ್ಟು ಎಲ್ಲ ಖಾಲಿ ಮಾಡಿ, ಒಂದು ಸಲ ಒಳ್ಳೇ ನೀರಲ್ಲಿ ತೊಳೆದರೆ ಮುಗೀತು. ಈ ನೀರು ಗಿಡಕ್ಕೆ ಬೇಡ.

ಆಮೇಲೆ ದಿನನಿತ್ಯಕ್ಕೆ 1000 ಲೀಟರ್‌ಗೆ 4 ಗ್ರಾಂ ಸಾಕು, ಅಂದರೆ ಅಂಚಿನ ಮಟ್ಟಕ್ಕೆ ಒಂದು ಟೀ ಚಮಚ. ನಿಮ್ಮ ಸಂಪ್ ಪೂರ್ತಿ ತುಂಬಿದರೆ 6800 ಲೀಟರ್, ಸುಮಾರು 27 ಗ್ರಾಂ. ಅರ್ಧ ಗಂಟೆ ಬಿಟ್ಟು ಕ್ಲೋರಿನ್ ಕಿಟ್‌ನಲ್ಲಿ ನೋಡಿ, ಲೀಟರ್‌ಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ಸರಿಯಾಗಿ ಹಾಕಿದರೂ ಸೊನ್ನೆ ತೋರಿಸಿದರೆ ಕ್ಲೋರಿನ್ನನ್ನ ಯಾವುದೋ ಹೊಲಸು ತಿಂದು ಹಾಕಿದೆ ಅಂತ ಅರ್ಥ. ಪೌಡರ್ ಜಾಸ್ತಿ ಮಾಡೋ ಬದಲು ಮತ್ತೆ ಬಾಟಲಿ ಹಿಡೀರಿ. ಮೆಡಿಕಲ್ ಸ್ಟೋರಿನಲ್ಲೋ ಆನ್‌ಲೈನ್‌ನಲ್ಲೋ ಎಚ್2ಎಸ್ ಸೀಸೆ ಸಿಗುತ್ತೆ. ಗೆರೆವರೆಗೆ ನೀರು ತುಂಬಿ ಬೆಚ್ಚಗಿನ ಕಡೆ ಇಟ್ಟರೆ 24ರಿಂದ 48 ಗಂಟೆಯಲ್ಲಿ ಕಪ್ಪಾದರೆ ಮಲ ಸೇರಿದೆ ಅನ್ನೋದಕ್ಕೆ ಗುರುತು. ಕ್ಲೋರಿನ್ ಇರೋ ನೀರನ್ನ ಇದರಲ್ಲಿ ನೋಡಿ ಸಮಾಧಾನ ಪಟ್ಕೊಬೇಡಿ, ಪೌಡರ್ ಹಾಕೋ ಮುಂಚೆ ಹಿಡಿದ ನೀರೇ ಬೇಕು.

---

ಸಂಪ್‌ಮುಚ್ಚಳ:

ಮೂರು ಮನೆಯಿಂದಲೂ ದೂರು ಕೊಟ್ಟಾಯ್ತು. ಪಾಯ ತೆಗೆಯೋರನ್ನ ಕೇಳಿದರೆ, ಹಳೇ ಪೈಪಿನ ಬಾಯಿಗೆ ಬೆಣೆ ಹೊಡೆದು ಬಿಟ್ಟಿದ್ದೀವಿ ಅಂದರು. ಗುಂಡಿ ಅಗೆದಾಗ ಏನು ನೋಡ್ಕೋಬೇಕು?

---

ಅರ್ಧಇಂಚುಪೈಪ್:

ಬೆಣೆ ಇರೋ ತುದೀಲಿ ನಿಲ್ಲಬೇಡಿ, ಫೆರೂಲ್‌ವರೆಗೂ ಅಗೀಲಿ. ಅಲ್ಲಿ ಫೆರೂಲ್ ಮುಚ್ಚಿ, ಹಳೇ ಪೈಪಿನ ತುಂಡು ಪೂರ್ತಿ ಕಿತ್ತು ಹೊರಗೆ ಹಾಕಿದ್ದನ್ನ ಕಣ್ಣಾರೆ ನೋಡಿ. ಮಣ್ಣು ಮುಚ್ಚೋ ಮುಂಚೆ ಐದು ನಿಮಿಷ ನೀರು ಬಿಡಿಸಿ, ಗುಂಡಿ ಒಳಗೆ ಒರೆಸಿ, ಎಲ್ಲಾದರೂ ಜಿನುಗುತ್ತಾ ನೋಡಿ. ಹೊಲಸು ಸೇರಿದ ಕರಿ ಮಣ್ಣನ್ನ ವಾಪಸ್ ಹಾಕದೆ ಒಳ್ಳೇ ಮಣ್ಣು ತುಂಬಿಸಿ. ರಸ್ತೆ ಪೈಪಿನ ಒಳಗೆ ಕೂತಿರೋ ಹೊಲಸು ತೊಳೆದು ಹೋಗೋಕೆ ಪಾರ್ಕ್ ಕಡೆಯ ಕೊನೇ ಮನೆಯಲ್ಲಿ ಒಂದು ಸರದಿ ಪೂರ್ತಿ ಹೊರಗೆ ಬಿಡಬೇಕಾಗುತ್ತೆ, ಅವರನ್ನ ಈಗಲೇ ಒಪ್ಪಿಸಿಟ್ಕೊಳ್ಳಿ.