ಪದಚರ್ಚೆ: ನಾಯಿಗೆ ‘ಹುಳುವಿನ ಮದ್ದು’ ಅಂದರೆ ಯಾವ ಹುಳು, ಯಾವ ಮದ್ದು?

ಗೆಳೆಯರೇ,

ನಾಯಿ ಸಾಕುವವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ತೋಟದ ಜೀವಿಗಳಿಂದ ನಾಯಿಗೆ ಆಗುವ ತೊಂದರೆಗಳ ಭಾಗಕ್ಕೆ ಬಂದಾಗಿನಿಂದ ‘ಹುಳು’ ಅನ್ನುವ ಪದವೇ ಕಾಲಿಗೆ ತೊಡರುತ್ತಿದೆ.

ವಿಷಯ ಇಷ್ಟು. ಬಸವನಹುಳುವನ್ನೋ ಚಿಪ್ಪಿಲ್ಲದ ಅದರ ನೆಂಟ ಸ್ಲಗ್ಗನ್ನೋ ನಾಯಿ ತಿಂದರೆ, ಅದರೊಳಗೆ ಇರಬಹುದಾದ ಲಂಗ್‌ವರ್ಮ್ ಅನ್ನುವ ಪರಾವಲಂಬಿ ಹುಳುವಿನ ಮರಿಗಳು ನಾಯಿಯ ಮೈ ಸೇರುತ್ತವೆ. ಬೆಳೆದ ಮೇಲೆ ಅವು ಇರುವುದು ಹೃದಯದ ಬಲಭಾಗದಲ್ಲಿ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳಲ್ಲಿ. ಕೆಮ್ಮು, ಏದುಸಿರು, ಸುಸ್ತು, ಕೆಲವು ನಾಯಿಗಳಿಗೆ ರಕ್ತ ಸರಿಯಾಗಿ ಹೆಪ್ಪುಗಟ್ಟದೆ ಮೂಗಿನಿಂದ ಸೋರುವುದೂ ಉಂಟು. ಇದನ್ನು ಕನ್ನಡದಲ್ಲಿ ಚುಟುಕಾಗಿ ಹೇಳಿದರೆ ‘ಹುಳು ತಿಂದ ನಾಯಿಗೆ ಹುಳು ಆಗುತ್ತದೆ’. ನಗು ಬರುತ್ತದೆ, ಅಲ್ವಾ?

‘ಶ್ವಾಸಕೋಶದ ಹುಳು’ ಅನ್ನೋಣ ಎಂದರೆ ‘ಹೃದಯದ ಹುಳು’ ಅಂತ ಬೇರೆಯೇ ಒಂದಿದೆ, ಅದು ಸೊಳ್ಳೆ ಕಚ್ಚಿ ಬರುವುದು. ತಮಾಷೆ ಅಂದರೆ ಬೆಳೆದ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಇರುತ್ತವೆ! ಅಂಗದ ಹೆಸರಿಗಿಂತ ಬಂದ ದಾರಿಯ ಹೆಸರೇ ವಾಸಿ ಅನ್ನಿಸಿ ‘ಬಸವನಹುಳುವಿನ ಜಂತು’ ಅಂತ ಬರೆದಿಟ್ಟಿದ್ದೇನೆ. ಆದರೆ ಜಂತು ಅಂದ ಕೂಡಲೇ ಜನ ಹೊಟ್ಟೆಯ ಜಂತು ಅಂದುಕೊಂಡು ಮನೆಯಲ್ಲಿರುವ ಮಾತ್ರೆ ಕೊಟ್ಟು ಸುಮ್ನಾಗುತ್ತಾರೆ. ಜಂತಿನ ಮಾತ್ರೆಗಳೆಲ್ಲ ಇದಕ್ಕೆ ಕೆಲಸ ಮಾಡುವುದಿಲ್ಲ.

ನಿಜವಾದ ಭಯ ಇರುವುದು ‘ಮದ್ದು’ ಪದದಲ್ಲಿ. ತೋಟ ಮಾಡುವವರಿಗೆ ‘ಬಸವನಹುಳುವಿನ ಮದ್ದು’ ಅಂದರೆ ಅದನ್ನು ಕೊಲ್ಲಲು ಚೆಲ್ಲುವ ಗುಳಿಗೆ. ಅದರಲ್ಲಿ ಮೆಟಾಲ್ಡಿಹೈಡ್ ಅನ್ನುವ ವಿಷ ಇದ್ದರೆ, ತಿಂದ ನಾಯಿಗೆ ನಡುಕ, ಫಿಟ್ಸ್, ಜಾಸ್ತಿ ಜ್ವರ ಬಂದು ಜೀವವೇ ಹೋಗಬಹುದು. ತಿಂದಿದೆ ಅನ್ನುವ ಅನುಮಾನ ಬಂದರೂ ಲಕ್ಷಣಕ್ಕೆ ಕಾಯದೆ ಪಶುವೈದ್ಯರ ಬಳಿ ಓಡಬೇಕು. ಬ್ರಿಟನ್ನಿನಲ್ಲಿ 2022ರಿಂದ ಮೆಟಾಲ್ಡಿಹೈಡ್ ಗುಳಿಗೆಯನ್ನು ಹೊರಾಂಗಣದಲ್ಲಿ ಬಳಸುವಂತಿಲ್ಲ. ಈಗ ‘ನಾಯಿ ಬಸವನಹುಳು ತಿಂದರೆ ಹುಳುವಿನ ಮದ್ದು ಕೊಡಿಸಿ’ ಅನ್ನುವ ವಾಕ್ಯವನ್ನು ಒಮ್ಮೆ ಓದಿ ನೋಡಿ.

‘ಔಷಧಿ’ ಅಂದರೂ ಪೂರ್ತಿ ಬಗೆಹರಿಯುವುದಿಲ್ಲ. ಗಿಡಕ್ಕೂ ನಾವು ಔಷಧಿಯನ್ನೇ ಹೊಡೆಯುತ್ತೇವೆ! ‘ಮಾತ್ರೆ’ ಅನ್ನೋಣ ಎಂದರೆ ನಾಯಿಯ ಕತ್ತಿನ ಹಿಂದೆ ಚರ್ಮಕ್ಕೆ ಹಾಕುವ ಹನಿಗಳೂ ಇವೆ. ಸದ್ಯಕ್ಕೆ ತೋಟದ್ದಕ್ಕೆ ‘ವಿಷದ ಗುಳಿಗೆ’, ನಾಯಿಯದ್ದಕ್ಕೆ ‘ಚಿಕಿತ್ಸೆ’ ಅಂತ ಇಟ್ಟುಕೊಂಡಿದ್ದೇನೆ. ‘ಮದ್ದು’ ಇಡೀ ಕೈಪಿಡಿಯಿಂದಲೇ ಔಟ್. ಕಪ್ಪೆಯದು ಮಾತ್ರ ಸುಲಭ. ನೆಲಗಪ್ಪೆಯನ್ನು ಬಾಯಿಗೆ ಹಾಕಿಕೊಂಡ ನಾಯಿ ಜೊಲ್ಲು ಸುರಿಸುತ್ತದೆ, ‘ಕಪ್ಪೆ ವಿಷ’ ಅಂದರೆ ಯಾರಿಗೂ ಗೊಂದಲವಾಗದು.

ನನ್ನ ಪ್ರಶ್ನೆ ಎರಡು. ಸ್ಲಗ್‌ಗೆ ನಿಮ್ಮ ಕಡೆ ‘ಹುಳು’ ಸೇರದ ಯಾವುದಾದರೂ ಆಡುಮಾತು ಇದೆಯೇ? ‘ಬಸವನಹುಳುವಿನ ಜಂತು’ ಅಂತ ಓದಿದರೆ ನಿಮಗೆ ನಾಯಿಯೊಳಗಿನ ಜಂತು ಹೊಳೆಯುತ್ತದೆಯೋ, ಬಸವನಹುಳುವಿಗೇ ಜಂತಾಗಿದೆ ಅನ್ನಿಸುತ್ತದೆಯೋ?