ಅಪ್‌ಡೇಟ್: ಸ್ಕೀ ಇನ್‌ಸ್ಟ್ರಕ್ಟರ್‌ಗಳ ಕ್ಲಿನಿಕ್‌ಗೆ ಹೋಗಿ ಬಂದೆ

ಕೊಲರಾಡೋದಲ್ಲಿ ವೀಕೆಂಡ್ ಸ್ಕೀ ಕಲಿಸುತ್ತೇನೆ, ಇನ್‌ಸ್ಟ್ರಕ್ಟರ್ ಸರ್ಟಿಫಿಕೇಟ್‌ನ ಮೊದಲ ಹಂತ ಲೆವೆಲ್ 1 ಆಗಿದೆ, ಇನ್ನು ತರಬೇತಿ ಕ್ಲಿನಿಕ್‌ಗೆ ದುಡ್ಡು ಹಾಕಬೇಕಾ, ಸುಮ್ನೆ ನಾನೇ ಪ್ರಾಕ್ಟೀಸ್ ಮಾಡಿದರೆ ಸಾಲದಾ ಅಂತ ಕೇಳಿದ್ದೆ ಅಲ್ವಾ? ಹೋಗಿ ಅಂದವರೇ ಜಾಸ್ತಿ. ಹೋದೆ, ತುಂಬಾ ಒಳ್ಳೆಯದಾಯಿತು.

ಈ ಸರ್ಟಿಫಿಕೇಟ್ ಕೊಡುವುದು 1961ರಲ್ಲಿ ಶುರುವಾದ ಇಲ್ಲಿನ ಇನ್‌ಸ್ಟ್ರಕ್ಟರ್‌ಗಳ ಸಂಘ ಪಿಎಸ್‌ಐಎ. ಸರ್ಟಿಫಿಕೇಟ್ ಉಳಿಸಿಕೊಳ್ಳಲು ಹೇಗೂ ಕಲಿಯುತ್ತಲೇ ಇರಬೇಕು. ಆದರೆ ನಿಜವಾದ ಲಾಭ ಬೇರೆಯೇ. ಬೆಳಗ್ಗೆಯೆಲ್ಲ ಒಂದೇ ವಿಷಯ: ತಿರುಗುವಾಗ ಭಾರ ಹೊರಗಾಲಿನ ಸ್ಕೀ ಮೇಲಿರಬೇಕು. ಒಳಗಾಲಿನ ಸ್ಕೀಯ ಹಿಂತುದಿಯನ್ನು ಹಿಮದಿಂದ ಸ್ವಲ್ಪ ಎತ್ತಿಕೊಂಡೇ ತಿರುಗಿ ಅಂದರು ತರಬೇತಿ ಕೊಡುವವರು. ಎಡಕ್ಕೆ ಸಲೀಸು. ಬಲಕ್ಕೆ ತಿರುಗುವಾಗ ಮಾತ್ರ ಎತ್ತಿದ ಸ್ಕೀ ತಕ್ಷಣ ಕೆಳಗಿಳಿಯುತ್ತಿತ್ತು. ಒಬ್ಬಳೇ ಪ್ರಾಕ್ಟೀಸ್ ಮಾಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಮಧ್ಯಾಹ್ನ ಒಬ್ಬರಿಗೊಬ್ಬರು ಪಾಠ ಮಾಡಿದೆವು. ಸರ್ಟಿಫಿಕೇಟ್‌ಗೆ ಚೆನ್ನಾಗಿ ಸ್ಕೀ ಮಾಡಿದರಷ್ಟೇ ಸಾಲದು, ಕಲಿಸುವ ರೀತಿ, ಜನರ ಜೊತೆ ನಡೆದುಕೊಳ್ಳುವ ರೀತಿ ಎರಡನ್ನೂ ನೋಡುತ್ತಾರೆ. ಹೆದರಿದ ಮಗುವಿಗೆ ಮಾತು ಕಡಿಮೆ, ಆಟ ಜಾಸ್ತಿ ಇರಬೇಕು ಅಂತ ಹಿರಿಯರೊಬ್ಬರು ಮಾಡಿ ತೋರಿಸಿದರು. ನನಗೆ ಇಡೀ ದಿನದಲ್ಲಿ ಅದೇ ದೊಡ್ಡ ಪಾಠ.

ಭಾರತದಲ್ಲೇ ಕಲಿಯಬಹುದಾ ಅಂತ ಕೇಳಿದವರಿಗೆ: ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಐಐಎಸ್‌ಎಂ ಸಂಸ್ಥೆ ಸ್ಕೀ ಕೋರ್ಸ್ ನಡೆಸುತ್ತದೆ. ನಾನು ಮುಂದಿನ ಸೀಸನ್‌ಗೆ ಲೆವೆಲ್ 2 ತಯಾರಿ ಶುರು ಮಾಡಿದ್ದೇನೆ.