ಹೊಸ ಡೆಸ್ಕ್‌ಟಾಪ್‌ನಲ್ಲಿ ಲ್ಯಾನೂ ಇಲ್ಲ, ವೈಫೈಯೂ ಇಲ್ಲ: ನಿಮ್ಮ ಅನುಭವ ಹೇಳಿ

ಬಿಡಿಭಾಗ ತಂದು ನಾನೇ ಡೆಸ್ಕ್‌ಟಾಪ್ ಜೋಡಿಸಿದ್ದೇನೆ. ಬೋರ್ಡಿನಲ್ಲಿ 2.5 ಗಿಗಾಬಿಟ್ ಲ್ಯಾನ್ ಪೋರ್ಟ್ ಇದೆ, ವೈಫೈಗೆ ಒಂದು ಚಿಕ್ಕ ಯುಎಸ್‌ಬಿ ಅಡಾಪ್ಟರ್ ಹಾಕಿದ್ದೇನೆ. ವಿಂಡೋಸ್ 10ರಲ್ಲಿ ಎರಡೂ ಇಲ್ಲ. ಲಿನಕ್ಸ್‌ನ ಉಬುಂಟು 20.04 ಹಾಕಿ ನೋಡಿದೆ, ಅಲ್ಲೂ ಇಲ್ಲ. ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಇಳಿಸಿಕೊಳ್ಳೋಣ ಅಂದ್ರೆ ನೆಟ್ಟೇ ಇಲ್ವಲ್ಲ! ಇಂಥದ್ದರಲ್ಲಿ ಒದ್ದಾಡಿದವರು ಎಲ್ಲಿಂದ ಶುರು ಮಾಡಿದ್ರಿ?

---

ಮೊದಲು ನೆಟ್ ತಂದುಕೊಳ್ಳಿ, ಉಳಿದದ್ದು ಆಮೇಲೆ. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್ ಒಳಗೆ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಫೋನನ್ನೇ ಒಂದು ಲ್ಯಾನ್ ಕಾರ್ಡ್ ಅಂದುಕೊಳ್ಳುತ್ತದೆ. ಫೋನ್ ವೈಫೈನಲ್ಲಿದ್ದರೆ ಸಾಮಾನ್ಯವಾಗಿ ಆ ವೈಫೈಯೇ ಕೇಬಲ್‌ನಲ್ಲಿ ಬರುತ್ತದೆ, ಮೊಬೈಲ್ ಡೇಟಾ ಖರ್ಚಾಗಲ್ಲ. ಡಬ್ಬದಲ್ಲಿ ಡ್ರೈವರ್ ಸಿಡಿ ಕೊಟ್ಟಿರ್ತಾರೆ, ಈಗ ಸಿಡಿ ಡ್ರೈವ್ ಯಾರ ಹತ್ರ ಇದೆ ಹೇಳಿ.

---

ಟೆದರಿಂಗ್ ಸರಿ. ಆದರೆ ಡಬ್ಬದ ಮೇಲಿನ ಹೆಸರು ಹಿಡಿದು ಡ್ರೈವರ್ ಹುಡುಕಲು ಹೋಗಬೇಡಿ. ಅಡಾಪ್ಟರ್ ಮಾರುವ ಕಂಪನಿ ಬೇರೆ, ಒಳಗಿನ ಚಿಪ್ ಮಾಡುವವರು ಬೇರೆ, ಅದೇ ಮಾಡೆಲ್ ವಿ2, ವಿ3 ಅಂತ ಬರುವಾಗ ಎಷ್ಟೋ ಸಲ ಚಿಪ್ಪೇ ಬದಲಾಗಿರುತ್ತದೆ, ಹೊರಗಿನಿಂದ ಒಂಚೂರೂ ಗೊತ್ತಾಗಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಇರುವುದನ್ನು ತೆರೆದು ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಿ. ವೆಂಡರ್ 10ಇಸಿ, ಡಿವೈಸ್ 8125 ಅಂತಿದ್ದರೆ ಅದು ರಿಯಲ್‌ಟೆಕ್‌ನ 2.5 ಗಿಗಾಬಿಟ್ ಚಿಪ್. 8086 ಅಂದ್ರೆ ಇಂಟೆಲ್, 14ಸಿ3 ಅಂದ್ರೆ ಮೀಡಿಯಾಟೆಕ್. ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ (lspci -nnk), ಯುಎಸ್‌ಬಿ ಆದ್ರೆ ಎಲ್‌ಎಸ್‌ಯುಎಸ್‌ಬಿ (lsusb) ಕಮಾಂಡ್ ಕೊಡಿ. ಎರಡರ ಐಡಿಯನ್ನೂ ಇಲ್ಲಿ ಹಾಕಿ. "ಎಲ್ಲಾ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ" ಅನ್ನುವ ಸಾಫ್ಟ್‌ವೇರ್‌ಗಳ ತಂಟೆಗೆ ಮಾತ್ರ ಹೋಗಬೇಡಿ.

---

ಫೋನ್ ಉಪಾಯ ಫಲಿಸಿತು, ಥ್ಯಾಂಕ್ಸ್. ವಿಂಡೋಸ್ ಅಪ್‌ಡೇಟ್ ಓಡಿಸಿದ ಮೇಲೆ ಲ್ಯಾನ್ ಡ್ರೈವರ್ ತಾನಾಗೇ ಬಂತು, ಐಡಿ 8125ಯೇ. ಉಬುಂಟುವಿನಲ್ಲಿ ಲ್ಯಾನ್ ಇನ್ನೂ ಇಲ್ಲ. ವೈಫೈ ಕಡ್ಡಿಯದ್ದು 0ಬಿಡಿಎ:1ಎ2ಬಿ ಅಂತ ತೋರಿಸುತ್ತಿದೆ, ಡಿಮೆಸೇಜ್‌ನಲ್ಲಿ (dmesg, ಲಿನಕ್ಸ್ ಕರ್ನಲ್‌ನ ಸಂದೇಶಗಳ ಪಟ್ಟಿ) ಅದನ್ನು ಡಿಸ್ಕ್ ಅಂತಿದೆ. ವೈಫೈ ಅಡಾಪ್ಟರ್ ಡಿಸ್ಕ್ ಆಗೋದು ಹೇಗೆ?

---

ಆ 1ಎ2ಬಿ ನೋಡಿದ ತಕ್ಷಣ ಗೊತ್ತಾಯ್ತು. ನಿಮ್ಮ ಅಡಾಪ್ಟರ್ ಸದ್ಯ ಸಿಡಿ ವೇಷದಲ್ಲಿದೆ. ವಿಂಡೋಸ್ ಡ್ರೈವರನ್ನು ಕಡ್ಡಿಯೊಳಗೇ ತುಂಬಿ ಕೊಡ್ತಾರೆ, ಹಾಕಿದಾಗ ಮೊದಲು ಅದು ಸಿಡಿ ಅಂತ ಕಾಣಿಸಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ದಿಸ್ ಪಿಸಿ ತೆರೆದರೆ ಹೊಸ ಸಿಡಿ ಡ್ರೈವ್ ಕಾಣಬೇಕು, ಅದರೊಳಗಿನ ಸೆಟಪ್ ಓಡಿಸಿದರೆ ಮುಗಿಯಿತು. ಲಿನಕ್ಸ್‌ನಲ್ಲಿ ಆ ಡಿಸ್ಕನ್ನು ಇಜೆಕ್ಟ್ ಮಾಡಿ, ಇಲ್ಲವೇ ಯುಎಸ್‌ಬಿ ಮೋಡ್‌ಸ್ವಿಚ್ ಅನ್ನೋ ಪ್ಯಾಕೇಜ್ ಹಾಕಿಕೊಳ್ಳಿ. ಆಮೇಲೆ ಎಲ್‌ಎಸ್‌ಯುಎಸ್‌ಬಿ ಕೊಟ್ಟರೆ ಐಡಿಯೇ ಬದಲಾಗಿರುತ್ತದೆ. ಡ್ರೈವರ್ ಹುಡುಕಬೇಕಾದ್ದು ಆ ಹೊಸ ಐಡಿಗೆ.

---

ಇಜೆಕ್ಟ್ ಮಾಡಿದ್ರೆ 0ಬಿಡಿಎ:ಸಿ811 ಆಯ್ತು! ಆದ್ರೂ ವೈಫೈ ಪಟ್ಟಿ ಖಾಲಿ.

---

ಹಾಗಿದ್ರೆ ಅದು ರಿಯಲ್‌ಟೆಕ್ 8811ಸಿಯು. ನಿಮ್ಮ ಎರಡೂ ತೊಂದರೆಗೆ ಕಾರಣ ಒಂದೇ, ಹಳೆಯ ಕರ್ನಲ್ (ಹಾರ್ಡ್‌ವೇರ್ ನಡೆಸುವ ಲಿನಕ್ಸ್‌ನ ತಿರುಳು, ಹೆಚ್ಚಿನ ಡ್ರೈವರ್‌ಗಳು ಇರೋದು ಅದರೊಳಗೇ). ಉಬುಂಟು 20.04 ಬಂದದ್ದು 5.4 ಕರ್ನಲ್ ಜೊತೆ. 8125ರ ಬಿ ಆವೃತ್ತಿ ಕರ್ನಲ್‌ಗೆ ಸೇರಿದ್ದು 5.9ರಲ್ಲಿ, ನಿಮ್ಮ ಯುಎಸ್‌ಬಿ ಚಿಪ್‌ನ ಡ್ರೈವರ್ ಸೇರಿದ್ದು 6.2ರಲ್ಲಿ. ಹೊಸ ಬೋರ್ಡಿಗೆ ಹಳೆಯ ಕರ್ನಲ್ ಹಾಕಿದರೆ ಹೀಗೇ ಆಗೋದು, ಕಾರ್ಡ್ ಕೆಟ್ಟಿಲ್ಲ. ಉಬುಂಟು 24.04ರಲ್ಲಿ 6.8 ಇದೆ. ಪೆನ್‌ಡ್ರೈವ್‌ಗೆ ಬರೆದು ಇನ್‌ಸ್ಟಾಲ್ ಮಾಡದೆ ಲೈವ್ ಆಗಿ ಓಡಿಸಿ ನೋಡಿ. ಅಲ್ಲಿ ಬಂದರೆ ಯಾವ ಡ್ರೈವರನ್ನೂ ಕಂಪೈಲ್ ಮಾಡುವ ಗೋಜೇ ಬೇಡ.

ಡ್ರೈವರ್ ಇದ್ದೂ ಕಾರ್ಡ್ ಏಳದಿದ್ದರೆ ಫರ್ಮ್‌ವೇರ್ (ಚಿಪ್‌ನ ಒಳಗೇ ಓಡುವ ಚಿಕ್ಕ ಪ್ರೋಗ್ರಾಂ) ನೋಡಬೇಕು. ಡಿಮೆಸೇಜ್‌ನಲ್ಲಿ ಯಾವ ಫೈಲ್ ಸಿಗಲಿಲ್ಲ ಅಂತ ಹೆಸರು ಸಮೇತ ಬರೆದಿರುತ್ತದೆ. ಡೆಬಿಯನ್ ಅನ್ನೋ ಲಿನಕ್ಸ್‌ನಲ್ಲಿ ಇದು ದೊಡ್ಡ ತಲೆನೋವಾಗಿತ್ತು, 2023ರಲ್ಲಿ ಬಂದ 12ನೇ ಆವೃತ್ತಿಯಿಂದ ಇನ್‌ಸ್ಟಾಲರ್‌ನಲ್ಲೇ ಫರ್ಮ್‌ವೇರ್ ಸೇರಿಸಿದ್ದಾರೆ.

---

ಎಲ್ಲದಕ್ಕೂ ಕರ್ನಲ್ ಬದಲಿಸಿ ಅನ್ನೋದು ಹೇಳೋಕೆ ಸುಲಭ. ಯಾವುದೋ ಸಾಫ್ಟ್‌ವೇರ್‌ಗಾಗಿ ಹಳೆಯದನ್ನೇ ಇಟ್ಟುಕೊಂಡವರು ಏನು ಮಾಡಬೇಕು? ನಾನು ಹೊರಗಿನ ಡ್ರೈವರ್ ಹಾಕಿಕೊಂಡೇ ನಡೆಸುತ್ತಿದ್ದೇನೆ, ತೊಂದರೆ ಇಲ್ಲ. ಆದರೆ ಡಿಕೆಎಂಎಸ್ (ಕರ್ನಲ್ ಬದಲಾದಾಗಲೆಲ್ಲ ಡ್ರೈವರನ್ನು ತಾನಾಗೇ ಮತ್ತೆ ಕಂಪೈಲ್ ಮಾಡುವ ವ್ಯವಸ್ಥೆ) ಮೂಲಕವೇ ಹಾಕಿ, ಕಂಪೈಲ್‌ಗೆ ಬೇಕಾದ ಕರ್ನಲ್ ಹೆಡರ್ಸ್ ಪ್ಯಾಕೇಜೂ ಇರಲಿ. ಸುಮ್ನೆ ಮೇಕ್ ಇನ್‌ಸ್ಟಾಲ್ ಕೊಟ್ಟರೆ ಮುಂದಿನ ಕರ್ನಲ್ ಅಪ್‌ಡೇಟ್ ಆದ ದಿನ ವೈಫೈ ಮಾಯ. ಜಾಸ್ತಿ ಜನ ಎಡವೋದು ಸೆಕ್ಯೂರ್ ಬೂಟ್ ಹತ್ರ, ಒಪ್ಪಿದ ಸಹಿ ಇಲ್ಲದ ಡ್ರೈವರನ್ನು ಅದು ಲೋಡ್ ಆಗಲು ಬಿಡಲ್ಲ. ಇನ್‌ಸ್ಟಾಲ್ ಆಗುವಾಗ ಒಂದು ಪಾಸ್‌ವರ್ಡ್ ಇಡಲು ಕೇಳುತ್ತದೆ. ರೀಬೂಟ್ ಆದಾಗ ನೀಲಿ ಪರದೆ ಬಂದು ಯಾವುದಾದರೂ ಕೀ ಒತ್ತಿ ಅನ್ನುತ್ತದೆ, ಹತ್ತು ಸೆಕೆಂಡಿನೊಳಗೆ ಒತ್ತದಿದ್ದರೆ ಮುಂದೆ ಹೋಗಿಬಿಡುತ್ತದೆ. ಒತ್ತಿ, ಎನ್‌ರೋಲ್ ಎಂಒಕೆ (ನಿಮ್ಮ ಡ್ರೈವರ್‌ನ ಸಹಿ-ಕೀಯನ್ನು ಒಪ್ಪಿಸುವ ಆಯ್ಕೆ) ಆರಿಸಿ, ಅದೇ ಪಾಸ್‌ವರ್ಡ್ ಕೊಡಿ. ಅದು ತಪ್ಪಿದರೆ ಡ್ರೈವರ್ ಡಿಸ್ಕಿನಲ್ಲಿರುತ್ತದೆ, ಲೋಡ್ ಆಗಲ್ಲ, ನೀವು ಡ್ರೈವರ್ ಸರಿಯಿಲ್ಲ ಅಂದುಕೊಂಡು ಇನ್ನೊಂದನ್ನು ಹುಡುಕ್ತಾ ಕೂರ್ತೀರಿ.

---

24.04 ಲೈವ್‌ನಲ್ಲಿ ಎರಡೂ ಬಂತು. ವೈಫೈ ಸ್ವಲ್ಪ ನಿಧಾನ, ಆಗಾಗ ಕಡಿದುಹೋಗುತ್ತಿದೆ. ಒಳಗೆ ಕೂರುವ ಕಾರ್ಡ್ ತಗೊಳ್ಳೋದು ಒಳ್ಳೆಯದಾ?

---

ಒಳ್ಳೆಯದೇ, ಡೆಸ್ಕ್‌ಟಾಪ್‌ಗೆ ಈ ಉಗುರಿನಷ್ಟು ಕಡ್ಡಿಗಳನ್ನು ನಾನು ಯಾವತ್ತೂ ಶಿಫಾರಸು ಮಾಡಲ್ಲ. ತಗೊಂಡ್ರೆ ಇಂಟೆಲ್ ಎಎಕ್ಸ್210 ತಗೊಳ್ಳಿ, 5.10 ಕರ್ನಲ್‌ನಿಂದ ಈಚೆಗೆ ಅದರ ಡ್ರೈವರ್ ಒಳಗೇ ಇದೆ. ಎಎಕ್ಸ್211 ಅಂತ ಕೊಟ್ರೆ ಬೇಡ ಅನ್ನಿ. ನೋಡಲು ಹಾಗೇ ಇರುತ್ತದೆ, ಅದೇ ಎಂ.2 ಸ್ಲಾಟ್‌ನಲ್ಲಿ ಕೂರುತ್ತದೆ, ಆದರೆ ಅದರ ಅರ್ಧ ಕೆಲಸ ಇರೋದು ಇಂಟೆಲ್ ಪ್ರೊಸೆಸರ್ ಕಡೆಯ ಚಿಪ್‌ನಲ್ಲಿ. ಎಎಂಡಿ ಬೋರ್ಡಿನಲ್ಲಿ ಅದು ಕೆಲಸ ಮಾಡೋದೇ ಇಲ್ಲ, ಯಾವ ಡ್ರೈವರ್ ಹಾಕಿದರೂ ಅಷ್ಟೇ.

ಪಿಸಿಐಇ ಸ್ಲಾಟ್‌ಗೆ ಹಾಕುವ ಕಾರ್ಡ್ ಆದರೆ ಜೊತೆಗೆ ಒಂದು ಸಣ್ಣ ವೈರ್ ಕೊಟ್ಟಿರ್ತಾರೆ, ಅದನ್ನು ಬೋರ್ಡಿನ ಯುಎಸ್‌ಬಿ 2.0 ಪಿನ್‌ಗಳಿಗೆ ಸಿಕ್ಕಿಸಿ. ಬ್ಲೂಟೂತ್ ಬರೋದು ಅದರಲ್ಲಿ. ಆಂಟೆನಾ ಹಿಂದಿನಿಂದ ತಿರುಗಿಸಿ ಬಿಗಿ ಮಾಡಿ, ಕ್ಯಾಬಿನೆಟ್ ಗೋಡೆಗೆ ಒತ್ತಿದಂತೆ ಇಡಬೇಡಿ.